ಸೊಸೆ ಓಡಿಸಿದರೆ ಮಾತ್ರ ನಿಲ್ಲುವ ಕಾರು

ನಾಲ್ಕನೇ ಸಲ ಕಾರು ನಡುದಾರಿಯಲ್ಲಿ ನಿಂತಾಗ ನಾನು ಬೀಗರಿಗೆ ಫೋನ್ ಮಾಡಿದೆ. ಮಾಡಬಾರದಿತ್ತು. ಆದರೆ ನನಗೆ ಕೋಪ ಬರುವುದು ಬೇಗ, ಇಳಿಯುವುದು ತಡ. ಈ ಎರಡರ ಮಧ್ಯೆ ಕೈಗೆ ಫೋನ್ ಸಿಕ್ಕಿತೋ, ಮುಗಿಯಿತು.

"ನಿಮ್ ಮಗಳು ಕಾರು ಓಡ್ಸಲ್ಲ ಬೀಗ್ರೆ, ಕಾರೇ ಅವಳನ್ನ ಕೂರಿಸ್ಕಂಡು ಓಯ್ತದೆ," ಅಂದೆ. "ಬಟನ್ ಒತ್ಬುಟ್ಟು ಕಾಲು ಮಡಿಸ್ಕಂಡು ಕೂತ್ಕತಾಳೆ. ಇಂಜಿನ್ ನಿಂತೋಗ್ದೆ ಇನ್ನೇನಾದದು? ಇವತ್ತು ನಮ್ ಪುಟ್ಟೀನೂ ಗಾಡೀಲಿತ್ತು. ಒಂಚೂರು ಬುದ್ಧಿ ಹೇಳಿ."

ಮಿರ್ಲೆಯ ದೇವರಾಜು, ನಮ್ಮ ಬೀಗರು, ಮಾತು ಕಮ್ಮಿಯ ಮನುಷ್ಯ. "ಆಯ್ತು ಬೀಗ್ರೆ" ಅಂತಷ್ಟೇ ಹೇಳಿ ಫೋನ್ ಇಟ್ಟರು. ಹೆಣ್ಣು ಕೊಟ್ಟವರಿಗೆ ಫೋನ್ ಮಾಡಿ ಮಗಳ ಮೇಲೆ ದೂರು ಹೇಳುವುದು ನಮ್ಮ ಕಡೆ ಸಣ್ಣ ವಿಷಯವಲ್ಲ. ಸಾರಿಗೆ ಉಪ್ಪು ಜಾಸ್ತಿ ಹಾಕಿದಳು ಅಂದರೂ ಅದು ಊರ ಪಂಚಾಯ್ತಿಗೆ ಹೋದಂತೆಯೇ. ನನ್ನ ಹೆಂಡತಿ ಸುನಂದಮ್ಮ ಅಡುಗೆಮನೆಯಲ್ಲೇ ಹಣೆ ಚಚ್ಚಿಕೊಂಡಳು.

ಆ "ಆಯ್ತು" ಅಂದರೆ ಏನು ಅಂತ ವಾರ ಕಳೆದ ಮೇಲೆ ಗೊತ್ತಾಯಿತು. ಬೀಗರೇ ಫೋನ್ ಮಾಡಿದರು. "ಭಾನುವಾರ ಬತ್ತೀನಿ ಬೀಗ್ರೆ. ರಮ್ಯನ್ನೂ ಮಗೂನೂ ಕರ್ಕಂಡೋಯ್ತೀನಿ. ಕೆ.ಆರ್. ನಗರ ನಮ್ಮೂರಿಗೆ ಹತ್ರ. ವಾರವೆಲ್ಲ ನಮ್ಮನೇಲೇ ಇದ್ಕಂಡು ಕಾಲೇಜಿಗೋಗ್ಲಿ. ರಜಾ ಇದ್ದಾಗ ಅಲ್ಲಿಗ್ ಬತ್ತಾಳೆ." ಸಿಟ್ಟಿಲ್ಲ, ಕೂಗಾಟವಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ನಮ್ಮೂರು ಪಿರಿಯಾಪಟ್ಟಣದಿಂದ ಬೆಟ್ಟದಪುರದ ದಾರಿಯಲ್ಲಿ ಮೂರು ಮೈಲಿ. ಹೊಗೆಸೊಪ್ಪು ಬೆಳೆಯುತ್ತೇವೆ. ಮನೆಯ ಪಕ್ಕದಲ್ಲೇ ಸೊಪ್ಪು ಬೇಯಿಸುವ ಎರಡು ಬ್ಯಾರನ್ ಇವೆ. ಮಗ ಸಾಗರ್ ಪಿರಿಯಾಪಟ್ಟಣದಲ್ಲಿ ಪೈಪಿನ ಅಂಗಡಿ ಇಟ್ಟುಕೊಂಡಿದ್ದಾನೆ. ಸೊಸೆ ರಮ್ಯ ಕೆ.ಆರ್. ನಗರದ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಇಲ್ಲಿಂದ ಹೆದ್ದಾರಿ ಹಿಡಿದು ಹುಣಸೂರು, ಅಲ್ಲಿಂದ ಕೆ.ಆರ್. ನಗರ. ಕಾರಿನಲ್ಲಾದರೆ ಒಂದೂಕಾಲು ಗಂಟೆ. ಬಸ್ಸಿನಲ್ಲಾದರೆ ಮೂರು ಬಸ್ಸು ಬದಲಾಯಿಸಿ ಎರಡೂವರೆ ಗಂಟೆ, ಅದೂ ನಿಂತುಕೊಂಡು. ಕಾರಿಲ್ಲದೆ ಈ ಮನೆಯಲ್ಲಿದ್ದುಕೊಂಡು ಆ ಕೆಲಸ ಮಾಡುವುದು ಆಗದ ಮಾತು. ಕಾರಿನ ಕೀಯನ್ನೋ, ನಾಲ್ಕನೇ ಸಲ ನಿಂತ ದಿನವೇ ನಾನು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡಿದ್ದೆ.

ಆ ಕಾರಿನ ಮೇಲೆ ನನಗೆ ಮೊದಲಿನಿಂದಲೂ ಒಂದು ಅನುಮಾನ. ಕ್ಲಚ್ ಇಲ್ಲ, ಗೇರ್ ಹಾಕುವ ಕೆಲಸವಿಲ್ಲ. ಅದು ಸಾಲದು ಅಂತ ಕ್ರೂಸ್ ಕಂಟ್ರೋಲ್ ಬೇರೆ. ಸ್ಟೇರಿಂಗ್ ಮೇಲೆ ಒಂದು ಬಟನ್. ಎಂಬತ್ತರಲ್ಲಿ ಹೋಗುವಾಗ ಒತ್ತಿಬಿಟ್ಟರೆ ಎಕ್ಸಿಲೇಟರ್ ಮೇಲಿಂದ ಕಾಲು ತೆಗೆದರೂ ಕಾರು ಎಂಬತ್ತರಲ್ಲೇ ಹೋಗುತ್ತಿರುತ್ತದೆ. ಏರು ಬಂದರೆ ತಾನೇ ಜಾಸ್ತಿ ಕೊಟ್ಟುಕೊಳ್ಳುತ್ತದೆ, ಇಳಿಜಾರಿನಲ್ಲಿ ತಾನೇ ಕಮ್ಮಿ ಮಾಡಿಕೊಳ್ಳುತ್ತದೆ. ಬ್ರೇಕ್ ಮುಟ್ಟಿದರೆ ಬಿಟ್ಟುಬಿಡುತ್ತದೆ. ನಲವತ್ತು ವರ್ಷ ಟ್ರಾಕ್ಟರು, ವ್ಯಾನು ಓಡಿಸಿದ ನನಗೆ ಇದೊಂದು ಸೋಮಾರಿಗಳ ಆಟದಂತೆ ಕಂಡಿತು. "ಕಾಲು ನೋಯಲ್ಲ ಮಾವ, ಸ್ಪೀಡೂ ಮೀರಲ್ಲ" ಅನ್ನುತ್ತಿದ್ದಳು ರಮ್ಯ. "ಕಾಲು ಇರೋದೇ ನೋಯಕ್ಕೆ ಕಣವ್ವ" ಅನ್ನುತ್ತಿದ್ದೆ ನಾನು.

ಆಯುಧಪೂಜೆಯ ಮಾರನೇ ವಾರ ಮೊದಲ ಸಲ ನಿಂತಿತು. ಹೆದ್ದಾರಿಯಲ್ಲಿ ಸುಮ್ಮನೆ ಹೋಗುತ್ತಿದ್ದ ಕಾರು ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾಗಿ ಆಫ್ ಆಯಿತು. ಎರಡು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಹೊರಟಿತು. ಆಮೇಲೆ ಎರಡನೇ ಸಲ, ಮೂರನೇ ಸಲ. ಪ್ರತಿ ಸಲವೂ ಕ್ರೂಸ್ ಹಾಕಿದಾಗಲೇ, ಪ್ರತಿ ಸಲವೂ ರಮ್ಯ ಓಡಿಸುವಾಗಲೇ. ಸಾಗರ್ ಅದೇ ಕಾರನ್ನು ಊರೊಳಗೆ, ಹಳ್ಳ ದಿಣ್ಣೆಯಲ್ಲಿ ಓಡಿಸುತ್ತಿದ್ದ. ಒಂದು ದಿನವೂ ನಿಂತಿರಲಿಲ್ಲ. ಮೈಸೂರಿನ ಶೋರೂಮಿಗೆ ಎರಡು ಸಲ ಬಿಟ್ಟುಬಂದೆವು. ಕಂಪ್ಯೂಟರ್ ಹಾಕಿ ನೋಡಿದರು, ಫಿಲ್ಟರ್ ಬದಲಾಯಿಸಿದರು, ಓಡಿಸಿ ನೋಡಿದರು. "ಗಾಡೀಲಿ ಏನೂ ತೊಂದ್ರೆ ಇಲ್ಲ ಸರ್" ಅಂದರು. ಗಾಡಿಯಲ್ಲಿ ತೊಂದರೆ ಇಲ್ಲ ಅಂದಮೇಲೆ ಇನ್ನೆಲ್ಲಿದೆ? ನಾನು ಟೀ ಅಂಗಡಿಯಲ್ಲಿ ಕೂತು ತೀರ್ಪು ಕೊಟ್ಟೆ. ಕೇಳಿದವರೆಲ್ಲ ತಲೆಯಾಡಿಸಿದರು. ಹೆಂಗಸರ ಡ್ರೈವಿಂಗ್ ಅಂದರೆ ತಲೆಯಾಡಿಸಲು ನಮ್ಮೂರಿನಲ್ಲಿ ಜನಕ್ಕೆ ಬರವಿಲ್ಲ.

ನಾಲ್ಕನೆಯದು ಕಂಪಲಾಪುರದ ಹತ್ತಿರ. ಮೂರು ವರ್ಷದ ನನ್ನ ಮೊಮ್ಮಗಳು ಪುಟ್ಟಿ ಹಿಂದಿನ ಸೀಟಿನಲ್ಲಿದ್ದಳು. ಹಿಂದೆ ಬರುತ್ತಿದ್ದ ಲಾರಿಯವನು ಕಿರ್ರೋ ಅಂತ ಬ್ರೇಕ್ ಹಾಕಿ ಪಕ್ಕಕ್ಕೆಳೆದು ಉಳಿಸಿದನಂತೆ. ರಮ್ಯ ಮನೆಗೆ ಬಂದು ಜಗಲಿಯ ಮೇಲೆ ಕೂತಳು, ಪುಟ್ಟಿಯನ್ನು ಮಡಿಲಿನಿಂದ ಕೆಳಗಿಳಿಸಲೇ ಇಲ್ಲ. ಅಂಥ ಹೊತ್ತಿನಲ್ಲಿ ನಾನು ಕೇಳಿದ್ದು ಏನು ಗೊತ್ತೇ? "ಮತ್ತೆ ಆ ಬಟನ್ ಒತ್ತಿದ್ಯಾ?"

ಭಾನುವಾರ ಬಂತು. ಬೆಳಿಗ್ಗೆ ಎದ್ದಾಗ ಪುಟ್ಟಿಯ ಬಟ್ಟೆ, ಆಟದ ಸಾಮಾನು, ಮೂರು ಚಕ್ರದ ಸೈಕಲ್ಲು ಎಲ್ಲ ನಡುಮನೆಗೆ ಬಂದು ಕೂತಿದ್ದವು. ದಿನಾ ಬೆಳಿಗ್ಗೆ ನನ್ನ ಕಾಫಿ ಲೋಟಕ್ಕೆ ಬಿಸ್ಕತ್ತು ಅದ್ದಿ ಅರ್ಧ ಒಳಗೇ ಬೀಳಿಸುವ ಮಗು ಅದು. ಹೋಗಬೇಡ ಕಣವ್ವ ಅಂತ ಒಂದು ಮಾತು ಹೇಳಿದ್ದರೆ ಆಗುತ್ತಿತ್ತೇನೋ. ಆದರೆ ನನ್ನ ಬಾಯಿಗೆ ಅಂಥ ಮಾತು ಬರುವುದಿಲ್ಲ. ಬಂದದ್ದು ಬೇರೆ ಯೋಚನೆ. ಬೀಗರು ಬರುವುದರೊಳಗೆ ನಾನೇ ಕಾರು ತೆಗೆದುಕೊಂಡು ಹುಣಸೂರಿನ ತನಕ ಹೋಗಿಬರುವುದು. ಅದೇ ಬಟನ್ ಒತ್ತಿಕೊಂಡೇ ಹೋಗುವುದು. ನಿಲ್ಲದಿದ್ದರೆ ಅವರ ಮುಖದ ಮುಂದೆಯೇ ಹೇಳುವುದು: ನೋಡಿ, ಗಾಡಿ ಸರಿಯಾಗಿದೆ.

ಬಟನ್ ಒತ್ತುವುದು ಹೇಗೆ ಅಂತ ಸಾಗರನನ್ನು ಕೇಳಿದೆ. ಅವನು ನನ್ನ ಮುಖ ನೋಡಿ ತೋರಿಸಿಕೊಟ್ಟ.

ಹೆದ್ದಾರಿಗೆ ಬಿದ್ದು ಎಂಬತ್ತು ಮುಟ್ಟಿದ ಮೇಲೆ ಒತ್ತಿದೆ. ಕಾಲು ತೆಗೆದೆ. ಕಾರು ಹೋಗುತ್ತಲೇ ಇತ್ತು. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು. ಕಾಲು ಚಾಚಿಕೊಂಡೆ. ಕಂಪಲಾಪುರ ದಾಟಿತು. ಬೀಗರ ಮುಂದೆ ಆಡಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಒಂದು ಸಣ್ಣ ಏರು ಬಂತು. ಕಾರು ಒಂದು ಸಲ ಮುಗ್ಗರಿಸಿತು. ಏನಿದು ಅನ್ನುವಷ್ಟರಲ್ಲಿ ಇನ್ನೊಂದು ಸಲ. ಮುಂದಿನ ಬೋರ್ಡಿನಲ್ಲಿ ದೀಪಗಳೆಲ್ಲ ಹತ್ತಿಕೊಂಡವು, ಇಂಜಿನ್ ಸದ್ದು ಇಲ್ಲವಾಯಿತು.

ಸ್ಟೇರಿಂಗ್ ಬಂಡೆಯಾಯಿತು. ಬ್ರೇಕ್ ಒತ್ತಿದರೆ ಗೋಡೆಯನ್ನು ಒತ್ತಿದ ಹಾಗೆ. ಹಿಂದೆ ಬಸ್ಸಿನವನು ಹಾರ್ನ್ ಹಿಡಿದುಕೊಂಡೇ ಬಂದ. ಎರಡು ಕೈಯಲ್ಲೂ ಎಳೆದು ಹೇಗೋ ರಸ್ತೆ ಪಕ್ಕದ ಮಣ್ಣಿಗೆ ಇಳಿಸಿದೆ. ಬಸ್ಸು ಸುಯ್ಯನೆ ಹೋದ ಗಾಳಿಗೆ ಕಾರು ಅಲ್ಲಾಡಿತು. ನಲವತ್ತು ವರ್ಷ ಓಡಿಸಿದವನು ಸ್ಟೇರಿಂಗ್ ಬಿಡದೆ ಹಾಗೇ ಕೂತಿದ್ದೆ. ಹಿಂದಿನ ಸೀಟು ಖಾಲಿ ಇದೆ ಅಂತ ಗೊತ್ತಿದ್ದೂ ತಿರುಗಿ ನೋಡಿದೆ.

ಇದು ಅವಳಿಗೆ ನಾಲ್ಕು ಸಲ ಆಗಿತ್ತು. ನಾಲ್ಕು ಸಲವೂ ಅವಳು ಗಾಡಿಯನ್ನು ಪಕ್ಕಕ್ಕೆ ತಂದು ಜೋಪಾನವಾಗಿ ನಿಲ್ಲಿಸಿದ್ದಳು. ನನಗೆ ನಾಚಿಕೆಯಾಯಿತು. ಆ ನಾಚಿಕೆಯ ಜೊತೆಗೇ, ದೇವರಾಣೆ ಹೇಳುತ್ತೇನೆ, ಒಂದು ಸಮಾಧಾನವೂ ಆಯಿತು: ಅವಳ ತಪ್ಪಲ್ಲ. ಅವಳ ತಪ್ಪಲ್ಲವಾದರೆ ಸರಿಮಾಡಬಹುದು.

ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಎಂದಿನಂತೆ ಹೊರಟಿತು ಆ ಕಳ್ಳ ಗಾಡಿ. ಕ್ರೂಸ್ ಸಹವಾಸ ಬೇಡ ಅಂತ ಕಾಲಲ್ಲೇ ಒತ್ತಿಕೊಂಡು ಹುಣಸೂರಿನ ಶಂಕರನ ಗ್ಯಾರೇಜಿಗೆ ಹೋದೆ. ಇಪ್ಪತ್ತು ವರ್ಷದಿಂದ ನನ್ನ ಟ್ರಾಕ್ಟರ್ ರಿಪೇರಿ ಮಾಡುವವನು. ಭಾನುವಾರವಾದರೂ ಶಟರ್ ಅರ್ಧ ಎತ್ತಿತ್ತು.

"ಏನ್ ಕಾಂತರಾಜಣ್ಣ, ಮುಖ ಯಾಕಂಗಾಗದೆ?" ಅಂದ. ಎಲ್ಲ ಹೇಳಿದೆ. ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ.

"ಕಾಲಲ್ಲಿ ಒತ್ಕಂಡು ಓಡ್ಸುದ್ರೆ ನಿಲ್ಲಾಕಿಲ್ವಾ?"

"ಇಲ್ಲ ಕಣ್ಲಾ. ಬಟನ್ ಒತ್ತುದ್ರೇ ನಿಲ್ಲೋದು."

"ಒತ್ತುದ್ ತಕ್ಷಣವಾ?"

"ತಕ್ಷಣ ಅಲ್ಲ. ಸುಮಾರು ದೂರ ಹೋದ್ಮೇಲೆ. ಏರು ಸಿಕ್ಕುದ್ರೆ."

ಅವನೂ ತನ್ನ ಸಣ್ಣ ಕಂಪ್ಯೂಟರ್ ಸಿಕ್ಕಿಸಿ ನೋಡಿದ. ಏನೂ ಇಲ್ಲ. ಬಾನೆಟ್ ಎತ್ತಿ ಬಗ್ಗಿದವನು ಹಾಗೇ ನಿಂತುಬಿಟ್ಟ. ಮೂಗು ಎಳೆದ. "ಅಣ್ಣ, ನಿಮ್ ಬ್ಯಾರನ್ ಒಳಕ್ಕೆ ತಲೆ ಹಾಕ್ದಂಗಾಯ್ತದಲ್ಲಾ. ಏನಿಟ್ಟಿದ್ದೀರ ಇದ್ರೊಳಗೆ?"

ಇಲ್ಲಿ ನಾನು ಒಂದು ವಿಷಯ ಹೇಳಲೇಬೇಕು. ಮನೆಯ ಪಕ್ಕ ಕಾರು ನಿಲ್ಲಿಸುವ ಜಾಗದಲ್ಲಿ ಇಲಿ ಕಾಟ. ನನ್ನ ಹಳೇ ವ್ಯಾನಿನ ವೈರುಗಳನ್ನು ಇಲಿಗಳು ಕಡಿದು ಎರಡು ಸಲ ಗೋಳು ಹುಯ್ದುಕೊಂಡಿದ್ದವು. ಹೊಗೆಸೊಪ್ಪಿನ ಘಾಟಿಗೆ ಇಲಿ ಹತ್ತಿರ ಬರುವುದಿಲ್ಲ, ಅದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊಸ ಕಾರು ಅಂತ ನಾನು ಒಳ್ಳೇ ಬಣ್ಣದ, ಹದವಾಗಿ ಬೆಂದ ಎಲೆಗಳನ್ನೇ ಆರಿಸಿ, ಏಳೆಂಟು ಎಲೆಯ ಒಂದು ಕಟ್ಟು ಮಾಡಿ ಬಾನೆಟ್ ಒಳಗೆ ಮುಂಭಾಗದಲ್ಲಿ ದಾರದಿಂದ ತೂಗುಹಾಕುತ್ತಿದ್ದೆ. ಹಾಗೆ ಮೊದಲ ಸಲ ಕಟ್ಟಿದ್ದು ಈ ವರ್ಷದ ಹೊಸ ಸೊಪ್ಪು ಬಂದಾಗ, ಆಯುಧಪೂಜೆಯ ದಿನ. ಯಾರಿಗೂ ಹೇಳಿರಲಿಲ್ಲ. ಶೋರೂಮಿಗೆ ಬಿಡುವ ದಿನ ಮಾತ್ರ ಬೆಳಿಗ್ಗೆ ಬೇಗ ಎದ್ದು ಬಿಚ್ಚಿಬಿಡುತ್ತಿದ್ದೆ. ಇಸ್ತ್ರಿ ಅಂಗಿ ಹಾಕಿದ ಆ ಹುಡುಗರು ನೋಡಿ, ಹಳ್ಳಿ ಗಮಾರರು ಅಂತ ನಗುತ್ತಾರೆ ಅನ್ನುವ ಮಾನಭಯ. ಕಾರು ವಾಪಸ್ ಬಂದ ಸಂಜೆ ಮತ್ತೆ ಕಟ್ಟುತ್ತಿದ್ದೆ.

ಶಂಕರ ಎಲ್ಲ ಕೇಳಿಸಿಕೊಂಡ. ನಗಲಿಲ್ಲ, ಅದು ಅವನ ದೊಡ್ಡತನ. "ಅಣ್ಣ, ಇಲ್ಲಿ ನೋಡ್ತಾ ನಿಂತ್ಕಳಿ" ಅಂದು ಮುಂದುಗಡೆ ಒಂದು ಕಪ್ಪು ಕೊಳವೆಯ ಬಾಯಿ ತೋರಿಸಿದ. "ಇಂಜಿನ್ ಉಸಿರು ಎಳ್ಕಳದು ಇದ್ರಿಂದ್ಲೇ." ಆ ಬಾಯಿಯ ಪಕ್ಕದಲ್ಲೇ ನನ್ನ ಕಟ್ಟು ಜೋತಾಡುತ್ತಿತ್ತು. ಅವನು ಹೋಗಿ ಸೀಟಿನಲ್ಲಿ ಕೂತು ಇಂಜಿನ್ ಸ್ಟಾರ್ಟ್ ಮಾಡಿ, ಎಕ್ಸಿಲೇಟರನ್ನು ಜೋರಾಗಿ ಒಂದೇ ಸಮ ಒತ್ತಿ ಹಿಡಿದ.

ಮೊದಲು ಎಲೆ ಸುಮ್ಮನೆ ನಡುಗಿತು. ಸ್ವಲ್ಪ ಹೊತ್ತಿಗೆ ಒಂದು ಅಗಲವಾದ ಎಲೆ ಮೆಲ್ಲಗೆ ತಿರುಗಿ ಆ ಬಾಯಿಯ ಕಡೆ ವಾಲಿತು. ಇನ್ನೊಂದು ಅದರ ಹಿಂದೆ. ನೋಡನೋಡುತ್ತಿದ್ದಂತೆ ಚಪ್ಪನೆ ಅಂಟಿಕೊಂಡು ಬಾಯಿ ಮುಚ್ಚಿತು. ಇಂಜಿನ್ ಕೆಮ್ಮಿತು, ಮುಗ್ಗರಿಸಿತು, ನಿಂತಿತು. ನಿಂತ ಕೂಡಲೇ ಎಲೆಗಳು ಕಳಚಿಕೊಂಡು ಮೊದಲಿನಂತೆ ಜೋತಾಡತೊಡಗಿದವು, ಏನೂ ಅರಿಯದವರ ಹಾಗೆ.

"ಕಾಲಲ್ಲಿ ಓಡ್ಸೋರು ಗಳಿಗೆಗೊಂದ್ಸಲ ಕಾಲು ತೆಗೀತರೆ, ಆಗ ಎಲೆ ಬಿಟ್ಕತದೆ," ಅಂದ ಶಂಕರ. "ಕ್ರೂಸು ಬುಡಾಕಿಲ್ಲ. ಒಂದೇ ಸಮ ಎಳೀತದೆ. ಉಸಿರು ಕಮ್ಮಿ ಆಗಿ ಸ್ಪೀಡ್ ಇಳಿದ್ರೆ ಇನ್ನೂ ಜಾಸ್ತಿ ಎಳೀತದೆ. ಎಳ್ದಷ್ಟೂ ಎಲೆ ಬಿಗಿಯಾಯ್ತದೆ. ಗಾಡಿ ತಪ್ಪಿಲ್ಲ, ಓಡ್ಸೋರ್ ತಪ್ಪೂ ಇಲ್ಲ ಕಣಣ್ಣ."

ಕಟ್ಟು ಬಿಚ್ಚಿ, ಕೊಳವೆಯೊಳಗಿನ ಪುಡಿಯನ್ನೆಲ್ಲ ಗಾಳಿ ಹೊಡೆದು ತೆಗೆದ. ನಾವಿಬ್ಬರೂ ಕ್ರೂಸ್ ಹಾಕಿಕೊಂಡು ಹೆದ್ದಾರಿಯಲ್ಲಿ ಹತ್ತು ಮೈಲಿ ಹೋಗಿ ಬಂದೆವು. ಏರಿನಲ್ಲೂ ಕಾರು ಮಗುವಿನ ಹಾಗೆ ಓಡಿತು. ನನ್ನ ಎದೆಯ ಮೇಲಿಂದ ಸೊಪ್ಪಿನ ಮೂಟೆ ಇಳಿಸಿದಂತಾಯಿತು.

ಆದರೆ ಊರ ಕಡೆ ಒಬ್ಬನೇ ವಾಪಸ್ ಬರುವಾಗ ತಲೆ ಬೇರೆ ಕೆಲಸ ಶುರುಮಾಡಿತು. ನಿಜ ಹೇಳಬೇಕೇ? ಟೀ ಅಂಗಡಿಯಲ್ಲಿ ಅಷ್ಟು ಮಾತಾಡಿದವನು, ಬೀಗರಿಗೆ ಫೋನ್ ಮಾಡಿದವನು ನಾನು. ಯಾವುದೋ ವೈರು ಲೂಸಾಗಿತ್ತು, ಶಂಕರ ಸರಿಮಾಡಿದ ಅಂದರೆ ಮುಗಿಯಿತು. ಸೊಸೆಗೆ ಬಂದ ಕೆಟ್ಟ ಹೆಸರು ಹೋಗುತ್ತದೆ, ನನಗೆ ಒಳ್ಳೇ ಹೆಸರೂ ಬರುತ್ತದೆ. ಯಾರಿಗೂ ನಷ್ಟವಿಲ್ಲ. ಕಂಪಲಾಪುರ ಬರುವ ಹೊತ್ತಿಗೆ ವೈರಿನ ಬಣ್ಣವನ್ನೂ ಗೊತ್ತುಮಾಡಿಕೊಂಡಿದ್ದೆ: ಕೆಂಪು.

ಮನೆ ಮುಂದೆ ಒಂದು ಲಗೇಜ್ ಆಟೊ ನಿಂತಿತ್ತು. ಬೀಗರು ಮಿರ್ಲೆಯಿಂದ ಬಾಡಿಗೆಗೆ ಮಾಡಿಕೊಂಡು ಬಂದಿದ್ದರು. ಪುಟ್ಟಿಯ ಸೈಕಲ್ಲು ಆಗಲೇ ಅದರೊಳಗೆ ಹತ್ತಿತ್ತು. ಬೀಗರು ಜಗಲಿಯ ಮೇಲೆ ಕಾಫಿ ಹಿಡಿದು ಕೂತಿದ್ದರು. ಸುನಂದಮ್ಮನ ಕಣ್ಣು ಕೆಂಪಗಿತ್ತು.

"ಎಲ್ಲ ಸರಿ ಆಯ್ತು ಬೀಗ್ರೆ," ಅಂದೆ, ಚಪ್ಪಲಿಯನ್ನೂ ಬಿಡದೆ. "ಒಂದು ಕೆಂಪು ವೈರು ಲೂಸಾಗಿತ್ತು. ಶಂಕರನ ಕೈಲಿ ಮಾಡಿಸ್ಬುಟ್ಟೆ. ಇನ್ನು ರಮ್ಯ ಓಡಾಡ್ಬೋದು." ಕೀ ತೆಗೆದು ಚಾಚಿದೆ.

ಬೀಗರ ಮುಖ ಸಡಿಲವಾಯಿತು. "ಅಂಗಾದ್ರೆ ಒಳ್ಳೇದಾಯ್ತು," ಅಂದರು. ರಮ್ಯ ಮಾತ್ರ ಕೀಗೆ ಕೈ ಚಾಚಲಿಲ್ಲ.

"ಯಾವ ವೈರು ಮಾವ?"

"ಅದೇ... ಕೆಂಪುದು."

"ಯಾವುದರಿಂದ ಯಾವುದಕ್ಕೆ ಹೋಗೋದು? ಕ್ರೂಸ್ ಹಾಕ್ದಾಗ ಮಾತ್ರ ಯಾಕೆ ಬಿಟ್ಕೊಳ್ತಿತ್ತು? ಶೋರೂಮಲ್ಲಿ ಎರಡು ಸಲ ನೋಡಿದ್ರಲ್ಲ, ಆಗ ಯಾಕೆ ಕಾಣ್ಲಿಲ್ಲ?" ದನಿ ಏರಿಸಲಿಲ್ಲ. "ಕಾರಣ ಗೊತ್ತಾಗದೆ ನಾನು ಮತ್ತೆ ಆ ಗಾಡಿ ಹತ್ತಲ್ಲ ಮಾವ. ಮಗೂನ ಕೂರಿಸ್ಕೊಂಡು ಹೋಗ್ಬೇಕು. ಸರಿಯಾಯ್ತು ಅಂತ ಹೋದ ಸಲವೂ ಹೇಳಿದ್ರಿ." ಅಷ್ಟು ಹೇಳಿ ಬಟ್ಟೆಯ ಬ್ಯಾಗನ್ನು ಎತ್ತಿ ಆಟೊದ ಕಡೆ ಹೊರಟಳು.

ಆಗ ನನಗೆ ಅರ್ಥವಾಯಿತು. ನನ್ನ ಕೆಂಪು ವೈರು ನನ್ನ ಮಾನ ಉಳಿಸುತ್ತದೆ, ಈ ಮನೆಯನ್ನಲ್ಲ. ಅವಳಿಗೆ ಬೇಕಾಗಿರುವುದು ನಿಜವಾದ ಕಾರಣ, ಅದು ನನ್ನೊಬ್ಬನ ಹತ್ತಿರವೇ ಇದೆ. ಪುಟ್ಟಿ ಆಟೊದ ಹತ್ತಿರ ನಿಂತು ಸೈಕಲ್ಲಿನ ಗಂಟೆ ಹೊಡೆಯುತ್ತಿದ್ದಳು.

"ನಿಂತ್ಕ ಕಣವ್ವ," ಅಂದೆ. "ವೈರೂ ಇಲ್ಲ, ಗೀರೂ ಇಲ್ಲ. ನಾನೇ."

ಒಂದು ಸಲ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. ಇಲಿ, ಎಲೆಯ ಕಟ್ಟು, ದಾರ, ಕೊಳವೆಯ ಬಾಯಿ, ಶೋರೂಮಿಗೆ ಬಿಡುವ ದಿನ ಬಿಚ್ಚಿಡುತ್ತಿದ್ದದ್ದು, ಇವತ್ತು ಬಸ್ಸಿನ ಮುಂದೆ ಕಾರು ನಿಂತಾಗ ನಾನು ಹೆದರಿದ್ದು, ದಾರಿಯುದ್ದಕ್ಕೂ ವೈರಿನ ಕತೆ ಕಟ್ಟಿಕೊಂಡು ಬಂದದ್ದು, ಎಲ್ಲ ಹೇಳಿದೆ. ಬೀಗರ ಕಡೆ ತಿರುಗಿ, "ಫೋನಲ್ಲಿ ಆಡಿದ್ ಮಾತು ನಂದು ತಪ್ಪು ಬೀಗ್ರೆ. ನಿಮ್ ಮಗಳು ನಾಕು ಸಲ ಜೀವ ಉಳಿಸ್ಕಂಡು ಬಂದವಳೆ. ಅದ್ರಲ್ಲಿ ಒಂದ್ಸಲ ನನ್ ಮೊಮ್ಮಗಳ ಜೀವಾನೂ ಉಳಿಸವಳೆ" ಅಂದೆ. ಹೀಗೆ ಯಾರ ಮುಂದೆಯೂ ಅಂದವನಲ್ಲ ನಾನು.

ರಮ್ಯ ಬ್ಯಾಗು ಕೆಳಗಿಟ್ಟಳು. ಅವಳು ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಸರಿಯಾಗಿಯೇ ಇರುತ್ತಿತ್ತು. ಅವಳು ಅಳತೊಡಗಿದಳು.

"ನನ್ ತಪ್ಪಲ್ವಲ್ಲ ಮಾವ?" ಅಂದಳು. "ನನಗೇ ಏನೋ ಬರಲ್ಲ, ನಾನೇ ಏನೋ ಮಾಡ್ತಿದ್ದೀನಿ ಅಂತ ನಾನೇ ನಂಬಿಬಿಟ್ಟಿದ್ದೆ. ಮಲಗಿದ್ರೆ ಪುಟ್ಟಿ ಮುಖಾನೇ ಕಣ್ಣೆದುರು ಬರೋದು. ನಾಳೆ ಇನ್ನೊಂದು ಗಾಡಿ ಕೊಟ್ರೂ ಓಡಿಸಬಾರದು ಅಂದ್ಕೊಂಡಿದ್ದೆ."

"ನಿಂದಲ್ಲ ಕಣವ್ವ. ಯಾವತ್ತೂ ನಿಂದಲ್ಲ."

ಕಣ್ಣೊರೆಸಿಕೊಂಡಳು. ಆಮೇಲೆ ಹುಬ್ಬು ಗಂಟಿಕ್ಕಿ, "ಎಷ್ಟು ಅಗಲ ಇತ್ತು ಮಾವ ಎಲೆ?" ಅಂತ ಕೇಳಿದಳು. ಕೈಯಲ್ಲಿ ತೋರಿಸಿದೆ. "ಮೊದಲು ಒಂದೇ ಅಂಟಿತಾ, ಎರಡೂ ಒಟ್ಟಿಗಾ?" ಹೇಳಿದೆ. ಹೂಂ, ಹೂಂ ಅಂತ ತಲೆಯಾಡಿಸುತ್ತಾ ಹೋದವಳು ಕೊನೆಗೆ ಫಕ್ಕನೆ ನಕ್ಕಳು. ಆಗ ಸುನಂದಮ್ಮ ಬಾಯಿ ಬಿಟ್ಟಳು. ಮೂವತ್ತೈದು ವರ್ಷದ್ದನ್ನೆಲ್ಲ ಒಟ್ಟಿಗೇ ಬೈದಳು. ಬೀಗರು ಲೋಟ ಅಡ್ಡ ಹಿಡಿದು ನಗು ಮುಚ್ಚಿಕೊಂಡರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಬೈಸಿಕೊಳ್ಳುವುದು ಇಷ್ಟು ಹಗುರವಾಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ರಮ್ಯ ನನ್ನ ಕೈಯಿಂದ ಕೀ ತೆಗೆದುಕೊಂಡಳು. ಬೀಗರೂ ನಾನೂ ಅವಳ ಜೊತೆ ಹೊರಟೆವು. ಹೆದ್ದಾರಿಯಲ್ಲಿ ಎಂಬತ್ತಕ್ಕೆ ಬಂದಾಗ ಅವಳು ಒಂದು ಗಳಿಗೆ ತಡೆದು ಬಟನ್ ಒತ್ತಿದಳು. ಕಂಪಲಾಪುರ ಬಂತು, ಹೋಯಿತು. ಆ ಏರು ಬಂತು. ಮೂವರೂ ಉಸಿರು ಬಿಗಿಹಿಡಿದಿದ್ದೆವು. ಕಾರು ಹತ್ತಿ ಇಳಿಯಿತು. ಹುಣಸೂರು ಮುಟ್ಟಿ ತಿರುಗಿ ಬಂದೆವು, ಎಲ್ಲೂ ನಿಲ್ಲಲಿಲ್ಲ. "ಚೆನ್ನಾಗಿ ಓಡಿಸ್ತೀಯ ಕಣವ್ವ" ಅಂದೆ. "ಗೊತ್ತು ಮಾವ" ಅಂದಳು.

ಊಟ ಮಾಡಿ ಸಂಜೆ ಬಿಸಿಲಿಳಿದ ಮೇಲೆ ಬೀಗರು ಹೊರಟರು. ಸೈಕಲ್ಲನ್ನು ನಾನೇ ಆಟೊದಿಂದ ಇಳಿಸಿದೆ. ಲಗೇಜ್ ತುಂಬಿಕೊಂಡು ಹೋಗಲು ಮಿರ್ಲೆಯಿಂದ ಅಷ್ಟು ದೂರ ಬಂದಿದ್ದ ಆಟೊ ಖಾಲಿಯಾಗಿ, ಹಳ್ಳಕ್ಕೆ ಇಳಿದಾಗಲೆಲ್ಲ ಗಡಗಡ ಸದ್ದು ಮಾಡುತ್ತಾ ಹೋಯಿತು. ಖಾಲಿ ಗಾಡಿಯ ಸದ್ದು ಕೇಳಿ ನನಗೆ ಯಾವತ್ತೂ ಅಷ್ಟು ಸಂತೋಷವಾಗಿರಲಿಲ್ಲ. ಪುಟ್ಟಿ ನನ್ನ ಹೆಗಲ ಮೇಲೆ ಕೂತು ಮಿರ್ಲೆ ತಾತನಿಗೆ ಟಾಟಾ ಮಾಡಿದಳು. ಆಟೊ ತಿರುವಿನಲ್ಲಿ ಮರೆಯಾಗುವ ತನಕ ನಾನೂ ಮಾಡಿದೆ.